ಹದಿಮೂರನೆಯ ಎಲೆ

ಗಿಳಿಶಾಸ್ತ್ರದವನ ಪಂಜರದ ಮುಂದೆ ನಿಂತು ಎರಡು ರೂಪಾಯಿ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಹಾಗೆಂದು ಆ ಶಾಸ್ತ್ರದಲ್ಲಿ ನನಗೆ ನಂಬಿಕೆಯುಂಟೆಂದು ವಾಚಕರು ತಿಳಿಯಬಾರದು. ಗಿಳಿ ಕೊಕ್ಕಿನಿಂದ ಎತ್ತಿಕೊಡುವ ಚೀಟಿಯಲ್ಲಿ ಯಾವ ದೇವರ ಚಿತ್ರ ಬಂದೀತೆಂಬ ಕುತೂಹಲ ಬೇರೆ. ಆ ದೇವರು ನನ್ನ ಬಡ್ತಿಯ ವಿಚಾರವನ್ನು ಮನಸ್ಸಿಗೆ ಹಚ್ಚಿಕೊಂಡಾನೆಂಬ ಭರವಸೆ ಬೇರೆ. ಮೊದಲನೆಯದು ನನಗುಂಟು, ಎರಡನೆಯದು ಇಲ್ಲ. ಆದ್ದರಿಂದ ಕಳೆದ ದಸರಾ ರಜೆಯಲ್ಲಿ ಅಕ್ಕನ ಊರಿಗೆ ಹೋಗಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಅವಳ ಮಗಳು ಚೀಲದಿಂದ ಟ್ಯಾರೋ ಎಲೆಗಳ ಕಟ್ಟೊಂದನ್ನು ತೆಗೆದು, “ಮಾಮ, ಒಂದು ಎಲೆ ತೆಗಿ” ಎಂದಾಗ ಸಂಕೋಚವಿಲ್ಲದೆ ಕೈಚಾಚಿದೆ.

ಬಂದದ್ದು 13ನೆಯ ಎಲೆ. ಕರಿಯ ಕವಚ ತೊಟ್ಟ ಅಸ್ಥಿಪಂಜರವೊಂದು ಬಿಳಿಯ ಕುದುರೆಯನ್ನೇರಿ ಬರುತ್ತಿದೆ. ಕೈಯಲ್ಲಿ ಕಪ್ಪು ಬಾವುಟ; ಬಾವುಟದ ನಡುವೆ ಐದೆಸಳಿನ ಬಿಳಿಯ ಗುಲಾಬಿ. ಕುದುರೆಯ ಕಾಲಡಿಯಲ್ಲಿ ಒಬ್ಬ ರಾಜ ಬಿದ್ದಿದ್ದಾನೆ, ಕಿರೀಟ ಉರುಳಿದೆ. ಹೊಂಬಣ್ಣದ ನಿಲುವಂಗಿಯ ಕ್ರೈಸ್ತ ಗುರು ಎದುರು ನಿಂತು ಕೈಜೋಡಿಸಿದ್ದಾನೆ. ಒಬ್ಬ ತರುಣಿ ಮೊಣಕಾಲೂರಿ ಮುಖ ಹೊರಳಿಸಿಕೊಂಡಿದ್ದಾಳೆ. ಅವಳ ಪಕ್ಕದಲ್ಲೊಂದು ಮಗು. ಅದೊಂದೇ ಬರುವವನನ್ನು ನೆಟ್ಟಗೆ ನೋಡುತ್ತಿದೆ. ಹಿಂದೆ ನದಿ, ನದಿಯಲ್ಲಿ ದೋಣಿ. ಬಹುದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ‘ಸಾವು’ ಎಂದು ಬರೆದಿತ್ತು.

ನನ್ನ ಮುಖ ಸಪ್ಪಗಾಗಿರಬೇಕು. ಹುಡುಗಿ ಕೂಡಲೇ ಅಂದಳು: “ಹೆದರಬೇಡ ಮಾಮ. ಹೆಸರು ಮಾತ್ರ ಹಾಗೆ. ಇದರ ಅರ್ಥ ಸಾವಲ್ಲ. ಹಳೆಯದು ಮುಗಿದು ಹೊಸದು ಶುರು ಆಗತ್ತೆ ಅಂತ. ತುಂಬ ಒಳ್ಳೇ ಎಲೆ.”

ಅಕ್ಕ ಗೋಡೆಗೊರಗಿ ದೇವರಿಗೆ ಹೂ ಕಟ್ಟುತ್ತ ಕುಳಿತಿದ್ದಳು. “ಎಲ್ಲಿ, ಕೊಡೇ ಇಲ್ಲಿ” ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು ಎಲೆಯನ್ನು ಇಸಿದುಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಸಾವಲ್ಲ ಅಂದರೆ ಈ ರಾಜ ಯಾಕೆ ಹೀಗೆ ಬಿದ್ದಿದಾನೆ?”

“ಅದು ಸಂಕೇತ ಅಮ್ಮ. ಹಳೆಯದರ ಸಂಕೇತ.”

“ಸರಿ. ಹೊಸದು ಯಾರಿಗೆ ಶುರು ಆಯಿತು? ಇವನಿಗಂತೂ ಅಲ್ಲ.”

ಎಲೆಯನ್ನು ಹಿಂದಕ್ಕೆ ಕೊಟ್ಟು ಮತ್ತೆ ಹೂವಿಗೆ ಕೈಹಾಕಿದಳು. ಭಾವ ತೀರಿಕೊಂಡು ಆಗ ಎರಡು ವರ್ಷ. ಹುಡುಗಿ ಸದ್ದಿಲ್ಲದೆ ಎಲೆಗಳನ್ನು ಡಬ್ಬಿಗೆ ಸೇರಿಸಿದಳು. ನನಗಾದರೋ ಆ ಪ್ರಶ್ನೆ ನನ್ನನ್ನೇ ಕೇಳಿದ್ದೆಂದು ಅನ್ನಿಸಿತು. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಊರಿಗೆ ಹಿಂದಿರುಗಿದ ಮೇಲೆ ಈ ಎಲೆಯ ಜಾತಕವನ್ನು ಕೆದಕುತ್ತ ಹಲವು ಸಂಜೆಗಳನ್ನು ಕಳೆದೆ. ಅದಕ್ಕೆ ಮೊದಲು ನನಗೆ ಟ್ಯಾರೋ ಗೊತ್ತಿದ್ದದ್ದು ಎಲಿಯಟ್ ಕವಿಯ ಮೂಲಕ ಮಾತ್ರ. 1922ರಲ್ಲಿ ಪ್ರಕಟವಾದ ಅವನ ‘ವೇಸ್ಟ್ ಲ್ಯಾಂಡ್’ ಕಾವ್ಯದಲ್ಲಿ ಎಲೆ ನೋಡಿ ಭವಿಷ್ಯ ಹೇಳುವ ಹೆಂಗಸೊಬ್ಬಳು ಬರುತ್ತಾಳೆ. ಕವಿ ತನ್ನ ಟಿಪ್ಪಣಿಯಲ್ಲಿ ಈ ಎಲೆಗಳ ಸರಿಯಾದ ಪರಿಚಯ ತನಗಿಲ್ಲವೆಂದೂ, ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡಿರುವುದಾಗಿಯೂ ಒಪ್ಪಿಕೊಂಡಿದ್ದಾನೆ. ಕವಿಗಳಿಗೆ ಈ ಸೌಕರ್ಯವುಂಟು, ಮೇಷ್ಟರಿಗಿಲ್ಲ.

ಮೊತ್ತಮೊದಲು ತಿಳಿದುಬಂದದ್ದು, ಇದು ಕಣಿ ಹೇಳುವ ಸಾಧನವಾಗಿ ಹುಟ್ಟಿದ್ದೇ ಅಲ್ಲ ಎಂಬುದು. 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಶ್ರೀಮಂತರ ಮನೆಗಳಲ್ಲಿ ಹುಟ್ಟಿದ ಇಸ್ಪೀಟಿನಾಟ ಇದು. 78 ಎಲೆಗಳು, ಅವುಗಳಲ್ಲಿ 22 ಚಿತ್ರದೆಲೆಗಳು. ನಮ್ಮ ಇಸ್ಪೀಟಿನಲ್ಲಿ ತುರುಪು ಮಾಡುವ ಕೆಲಸವನ್ನು ಅಲ್ಲಿ ಈ ಚಿತ್ರದೆಲೆಗಳು ಮಾಡುತ್ತಿದ್ದವು. ಮಿಲಾನಿನ ಅರಸುಮನೆತನಕ್ಕಾಗಿ ಆ ಶತಮಾನದ ನಡುಭಾಗದಲ್ಲಿ ಬಂಗಾರದ ತಗಡು ಹಚ್ಚಿ ಬರೆದ ಒಂದು ಕಟ್ಟಿನ ಬಹುಪಾಲು ಇಂದಿಗೂ ಉಳಿದಿದೆ; ಅರ್ಧ ನ್ಯೂಯಾರ್ಕಿನಲ್ಲಿ, ಅರ್ಧ ಇಟಲಿಯ ಬೆರ್ಗಾಮೋದಲ್ಲಿ. ಅದರಲ್ಲಿ ಮೃತ್ಯುವಿಗೆ ಕುದುರೆಯಿಲ್ಲ, ಸೂರ್ಯನಿಲ್ಲ, ಗುಲಾಬಿಯಿಲ್ಲ. ಬಿಲ್ಲುಬಾಣ ಹಿಡಿದು ನಿಂತ ಎಲುಬುಗೂಡು, ಅಷ್ಟೆ.

ಆ ಕಾಲದವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಯೂ ಇರಲಿಲ್ಲ. ಅದಕ್ಕೆ ನೂರು ವರ್ಷ ಹಿಂದೆ, 1347ರಿಂದ 1351ರವರೆಗೆ, ಪ್ಲೇಗು ಯೂರೋಪಿನ ಮೂರರಲ್ಲೊಂದು ಪಾಲು ಜನರನ್ನಾದರೂ ಒಯ್ದಿತ್ತು. ಆಮೇಲೂ ಅದು ಮತ್ತೆ ಮತ್ತೆ ಬರುತ್ತಲೇ ಇತ್ತು. 1424-25ರಲ್ಲಿ ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ ಮೃತ್ಯು ಪೋಪನಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರ ಕೈಹಿಡಿದು ಕುಣಿಸುವ ಚಿತ್ರಮಾಲೆಯನ್ನು ಬರೆಸಿದರು. ಅಕ್ಕ ನೋಡಿದ ಎಲೆಯ ರಾಜ, ಗುರು, ತರುಣಿ, ಮಗು ಇವರೆಲ್ಲ ಆ ಗೋಡೆಯ ಮೇಲಿನವರ ಮೊಮ್ಮಕ್ಕಳೇ. ಆ ಗೋಡೆ ಹೇಳುತ್ತಿದ್ದದ್ದು ಒಂದೇ ಮಾತು: ಇವನಿಗೆ ತಾರತಮ್ಯವಿಲ್ಲ. ‘ಇದರರ್ಥ ಸಾವಲ್ಲ’ ಎಂದು ಅಲ್ಲಿ ಯಾರಾದರೂ ಹೇಳಿದ್ದರೆ ಜನ ಅವನ ಮುಖ ನೋಡುತ್ತಿದ್ದರು.

ಆಟದಲ್ಲಿಯಂತೂ ಮೃತ್ಯು ಕೊನೆಯ ಎಲೆಯಲ್ಲ. ಫ್ರಾನ್ಸಿನ ಮಾರ್ಸೇಲ್ ಕಟ್ಟಿನ ಕ್ರಮದಲ್ಲಿ 13ರ ಮೇಲೆ ಇನ್ನೂ ಎಂಟು ಎಲೆಗಳುಂಟು. ಮೃತ್ಯುವನ್ನು ಹೊಡೆಯುವ 14ನೆಯ ಎಲೆ ಯಾವುದು ಗೊತ್ತೆ? ಸಂಯಮ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವ ಹೆಂಗಸು. ಇದನ್ನು ಓದಿದಾಗ, ಎಂಥ ದರ್ಶನವೆಂದು ಕ್ಷಣಕಾಲ ರೋಮಾಂಚನವಾಯಿತು. ಆದರೆ ಸಂಯಮವನ್ನು ಹೊಡೆಯುವ 15ನೆಯ ಎಲೆ ಸೈತಾನ! ಇಸ್ಪೀಟಿನಿಂದ ತತ್ತ್ವ ಹಿಂಡಹೊರಟವರು ಸ್ವಲ್ಪ ಎಚ್ಚರದಿಂದಿರಬೇಕು.

ಎಚ್ಚರ ತಪ್ಪಿದವರೂ ಇದ್ದರು. 1781ರಲ್ಲಿ ಕೂರ್ ದ ಜೆಬಲೆಂ ಎಂಬ ಫ್ರೆಂಚ್ ಪಂಡಿತ, ಈ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಗ್ರಂಥವೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಓದಿದ್ದು 1822ರಲ್ಲಿ. ಓದುವವರೇ ಇಲ್ಲದ ಲಿಪಿಯ ಮೇಲೆ ಏನನ್ನು ಹೊರಿಸಿದರೂ ಅದು ಬೇಡವೆನ್ನುವಂತಿರಲಿಲ್ಲ. ಕಣಿಯ ವ್ಯಾಪಾರ ಬೆಳೆದದ್ದು ಅಲ್ಲಿಂದೀಚೆಗೆ. 1980ರಲ್ಲಿ ಮೈಕೇಲ್ ಡಮೆಟ್ ಎಂಬ ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ದೊಡ್ಡದೊಂದು ಗ್ರಂಥವನ್ನೇ ಬರೆದು, ಇದು ಮೂಲತಃ ಆಟವೆಂಬುದನ್ನು ತೋರಿಸಿಕೊಟ್ಟ. ತರ್ಕ ಮತ್ತು ಭಾಷೆಯ ಜಟಿಲ ಪ್ರಶ್ನೆಗಳಲ್ಲಿ ಹೆಸರಾದವನು ಇಸ್ಪೀಟಿಗಾಗಿ ಇಷ್ಟು ಬೆವರು ಸುರಿಸಿದನೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಈಗ ಚಿತ್ರಕ್ಕೆ ಬರೋಣ. ಅಕ್ಕನ ಮಗಳ ಕೈಯಲ್ಲಿದ್ದ ಎಲೆಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಟ್ಟಿನವು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಎಂಬ ಗೂಢವಿದ್ಯೆಯ ವಿದ್ವಾಂಸನದು; ಚಿತ್ರಗಳನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಮೃತ್ಯುವಿಗೆ ಗುಲಾಬಿ ಕೊಟ್ಟು, ಹಿಂದೆ ಸೂರ್ಯನನ್ನಿಟ್ಟದ್ದು ಇವರೇ. ಅದಕ್ಕೆ ಹಿಂದಿನ ಮಾರ್ಸೇಲ್ ಕಟ್ಟಿನಲ್ಲಿ ಈ ಎಲೆಗೆ ಸಾಮಾನ್ಯವಾಗಿ ಹೆಸರನ್ನೇ ಬರೆಯುತ್ತಿರಲಿಲ್ಲ, ಸಂಖ್ಯೆ ಮಾತ್ರ. ಅಲ್ಲಿ ಮೃತ್ಯು ಉದ್ದ ಹಿಡಿಯ ಕುಡುಗೋಲಿನಿಂದ ಹೊಲ ಕೊಯ್ಯುತ್ತಾನೆ. ಕಪ್ಪುಮಣ್ಣಿನಲ್ಲಿ ಕಡಿದ ತಲೆಗಳು, ಕೈಗಳು. ಅವುಗಳ ನಡುವೆಯೇ ಹಸುರು ಚಿಗುರು. ಒಂದು ತಲೆಗೆ ಕಿರೀಟವುಂಟು. ಹೊಸ ಹುಟ್ಟು ಎಂಬ ಅರ್ಥಕ್ಕೆ ಆಧಾರ ಹುಡುಕುವವರು ಈ ಚಿಗುರನ್ನು ತೋರಿಸುತ್ತಾರೆ. ಅದು ನ್ಯಾಯವೇ. ಕುಡುಗೋಲು ಕೊಲೆಗಾರನ ಆಯುಧವಲ್ಲ, ರೈತನದು. ಕೊಯ್ಲಿನ ನೆಲದಲ್ಲಿ ಬಿತ್ತನೆ ಇದ್ದೇ ಇರುತ್ತದೆ. ಆದರೆ ಕೊಯ್ದ ತೆನೆಯೇ ಮತ್ತೆ ತಲೆಯೆತ್ತಿ ನಿಲ್ಲುವುದಿಲ್ಲ. ಚಿಗುರುವುದು ಇನ್ನೊಂದು. ಹೊಲದ ಲೆಕ್ಕದಲ್ಲಿ ನಷ್ಟವಿಲ್ಲ. ತೆನೆಯ ಲೆಕ್ಕ ಬೇರೆ. ‘ಪ್ರತಿಯೊಂದು ಕೊನೆಯೂ ಒಂದು ಆರಂಭ’ ಎನ್ನುವವನು ಹೊಲದ ಪರವಾಗಿ ಮಾತಾಡುತ್ತಾನೆ, ಕೇಳುತ್ತಿರುವುದು ತೆನೆ.

ಆ ಕಲಾವಿದೆಯ ಕಥೆಯೇ ಇದಕ್ಕೆ ಸಾಕ್ಷಿ. ದೊಡ್ಡ ಕೆಲಸ, ತೀರ ಕಡಮೆ ಹಣವೆಂದು ಆಕೆ 1909ರಲ್ಲಿಯೇ ಸ್ನೇಹಿತನೊಬ್ಬನಿಗೆ ಬರೆದಿದ್ದಳು. ಚಿತ್ರಗಳ ಮೂಲೆಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದು ಬರೆದಳು. ಕಟ್ಟು ಪ್ರಸಿದ್ಧವಾದದ್ದು ಮಾತ್ರ ಪ್ರಕಾಶಕನ ಮತ್ತು ವೇಟನ ಹೆಸರಿನಲ್ಲಿ. 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಕಡಲತೀರದ ಊರಿನಲ್ಲಿ ಬಡತನದಲ್ಲಿ ತೀರಿಕೊಂಡಳು. 1970ರ ದಶಕದಲ್ಲಿ ಕಟ್ಟು ಅಮೆರಿಕದಲ್ಲಿ ಮರುಮುದ್ರಣಗೊಂಡು ಲೋಕವನ್ನೆಲ್ಲ ಸುತ್ತಿತು. ಹೊಸ ಆರಂಭವೇನೋ ಆಯಿತು. ಅಕ್ಕನ ಪ್ರಶ್ನೆಯನ್ನೇ ಕೇಳಬೇಕು: ಯಾರಿಗೆ?

ದೂರದೇಶದವರ ಮಾತೇಕೆ? ಪ್ರತಿವರ್ಷ ಬೇಸಗೆಯಲ್ಲಿ ನಮ್ಮ ಕಾಲೇಜುಗಳಲ್ಲಿ ಒಂದೆರಡು ಬೀಳ್ಕೊಡುಗೆ ಸಮಾರಂಭಗಳಿರುತ್ತವೆ. ಶಾಲು, ಹಾರ, ಹಣ್ಣಿನ ಬುಟ್ಟಿ. ‘ಇದು ನಿವೃತ್ತಿಯಲ್ಲ, ಹೊಸ ಬದುಕಿನ ಆರಂಭ’ ಎಂದು ನಾಲ್ವರು ಭಾಷಣ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಒಮ್ಮೆ ಹಾಗೆ ಭಾಷಣ ಮಾಡಿದ ಮರುವಾರವೇ, ನಿವೃತ್ತರಾದ ಹಿರಿಯರ ಕಿಟಕಿಯ ಪಕ್ಕದ ಮೇಜು ನನ್ನದಾಯಿತು. ಆರಂಭವೆಂದರೆ ಇದೇ. ಅವರು ಮಾತ್ರ ಬೆಳಗ್ಗೆ ಒಂಬತ್ತೂವರೆಗೆ ಸ್ನಾನ ಮುಗಿಸಿ, ಇಸ್ತ್ರಿಯ ಅಂಗಿ ತೊಟ್ಟು, ಜಗಲಿಯ ಮೇಲೆ ನಿಂತಿರುವುದನ್ನು ಬಸ್ಸಿನಿಂದ ಎಷ್ಟೋ ದಿನ ನೋಡಿದೆ.

ಇನ್ನು ಮುಂದೂಡಿದ್ದ ಮಾತು. ಭಾವನವರ 13ನೆಯ ದಿನ. ನಮ್ಮ ಮನೆಗಳಲ್ಲಿ ಅಂದು ಶುಭಸ್ವೀಕಾರ. ಎಲೆಯ ಸಂಖ್ಯೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಸಂಬಂಧ ಕಲ್ಪಿಸಿದರೆ ನಾನೂ ಜೆಬಲೆಂ ಪಂಡಿತನ ಗುಂಪಿಗೆ ಸೇರಬೇಕಾಗುತ್ತದೆ. ಊಟವಾದ ಮೇಲೆ ಹಿತ್ತಲಲ್ಲಿ ಅಕ್ಕ ಪಾಯಸದ ಪಾತ್ರೆಗೆ ನೀರು ಹಾಕುತ್ತಿದ್ದಳು. ನನಗೆ ಸಂಜೆಯ ಬಸ್ಸಿಗೆ ಹೊರಡುವ ಅವಸರ. ಹತ್ತಿರ ಹೋಗಿ, “ಅಕ್ಕಾ, ಒಂದು ಅಧ್ಯಾಯ ಮುಗೀತು. ಇನ್ನು ಹೊಸ ಅಧ್ಯಾಯ ಅಂದುಕೋ” ಎಂದೆ. ಮೇಷ್ಟರ ಬಾಯಲ್ಲಿ ಅಧ್ಯಾಯವಲ್ಲದೆ ಇನ್ನೇನು ಬಂದೀತು? ಅವಳು ಪಾತ್ರೆಯಿಂದ ತಲೆಯೆತ್ತಲಿಲ್ಲ. ಮಾತು ಆಡಿದ ಕೂಡಲೇ ನನಗೆ ಹಗುರವಾಯಿತು. ಕರ್ತವ್ಯ ಮುಗಿಸಿದವನಂತೆ ಚೀಲ ಹೆಗಲಿಗೇರಿಸಿದೆ. ಆ ಹಗುರವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಸಮಾಧಾನದ ಮಾತಿನಿಂದ ಸಮಾಧಾನವಾದದ್ದು ನನಗೆ. ಹೊಸದು ಆರಂಭವಾಯಿತೆಂದು ನಾನೇ ಹೇಳಿಬಿಟ್ಟ ಮೇಲೆ, ಹಳೆಯದನ್ನು ಕುರಿತು ಅವಳು ನನ್ನೊಡನೆ ಮಾತಾಡುವುದಾದರೂ ಹೇಗೆ? ಆ ಎರಡು ವರ್ಷಗಳಲ್ಲಿ ಅವಳು ನನ್ನ ಮುಂದೆ ಭಾವನ ಹೆಸರೆತ್ತಿದ್ದು ಕಡಮೆ. ಅವಳು ಚೇತರಿಸಿಕೊಂಡಳೆಂದು ನಾನು ತಿಳಿದಿದ್ದೆ.

ನಾನು ಅವಸರಪಟ್ಟಷ್ಟು ನಮ್ಮ ಅಪರಕರ್ಮ ಅವಸರಪಡುವುದಿಲ್ಲವೆಂಬುದನ್ನು ಆಮೇಲೆ ಯೋಚಿಸಿದೆ. ಮಂತ್ರಗಳ ಅರ್ಥ ಮನೆಯವರಿಗೆ ತಿಳಿಯಲಿ ಬಿಡಲಿ, ಅಲ್ಲಿ ಯಾರೂ ಸಾವನ್ನು ಇನ್ನೊಂದು ಹೆಸರಿನಿಂದ ಕರೆಯುವುದಿಲ್ಲ. ಹೋದವನನ್ನು ಪ್ರೇತವೆಂದೇ ಹೇಳಿ ದಿನಕ್ಕೊಂದು ಕೆಲಸ ಮಾಡಿಸುತ್ತಾರೆ. ಪಿತೃಗಳೊಡನೆ ಸೇರಿಸುವುದು 12ನೆಯ ದಿನ. ಮರುದಿನ ಸಿಹಿ ಮಾಡುತ್ತಾರೆ. ದುಃಖ ಮುಗಿಯಿತೆಂದಲ್ಲ, ಒಲೆ ಹಚ್ಚಬೇಕೆಂದು.

ಹಾಗಾದರೆ ಎಲೆಯ ಹೊಸ ಅರ್ಥ ಸುಳ್ಳೆ? ಹಾಗೆನ್ನಲಾರೆ. ಕೆಲಸ ಕಳೆದುಕೊಂಡು, ಮದುವೆ ಮುರಿದು, ಊರು ಬಿಟ್ಟು, ‘ಅದು ಮುಗಿಯಿತು, ಇನ್ನು ನನ್ನ ದಾರಿ ಬೇರೆ’ ಎಂದು ಎದ್ದವರನ್ನು ನಾನು ಬಲ್ಲೆ. ಅವರ ಮಾತಿನಲ್ಲಿ ಬೂಟಾಟಿಕೆಯಿರಲಿಲ್ಲ. ಸೂಕ್ಷ್ಮವಿರುವುದು ವ್ಯಾಕರಣದಲ್ಲಿ. ‘ಹೊಸದಾಗಿ ಆರಂಭಿಸುತ್ತೇನೆ’ ಎಂಬುದು ಉತ್ತಮ ಪುರುಷದಲ್ಲಿ ಪ್ರತಿಜ್ಞೆ. ಅದನ್ನೇ ಮಧ್ಯಮ ಪುರುಷಕ್ಕೆ ತಿರುಗಿಸಿ ‘ಆರಂಭಿಸು’ ಎಂದರೆ ಅಪ್ಪಣೆ. ಪ್ರಥಮ ಪುರುಷದಲ್ಲಿ, ‘ಪಾಪ, ಅವಳು ಹೊಸ ಜೀವನ ಆರಂಭಿಸಿದ್ದಾಳೆ’ ಎಂದರೆ ಬರಿಯ ಊರಮಾತು. ಧಾತು ಒಂದೇ, ಪುರುಷ ಬದಲಾದರೆ ಧರ್ಮ ಬದಲಾಗುತ್ತದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಈ ಪ್ರತ್ಯಯಗಳನ್ನು ಹೇಳಿಕೊಟ್ಟವನಿಗೆ ಹಿತ್ತಲಲ್ಲಿ ಅದು ಹೊಳೆಯದೆ ಹೋಯಿತು.

ಉಳಿದದ್ದು ಆ ಸೂರ್ಯ. ವೇಟ್ ತನ್ನ ಪುಸ್ತಕದಲ್ಲಿ ಅದನ್ನು ಅಮೃತತ್ವಕ್ಕೆ ಹೊಂದಿಸಿ ವಿವರಿಸಿದ್ದಾನೆ. ಈಗಿನ ಕೈಪಿಡಿಗಳಲ್ಲಿ ಉದಯಸೂರ್ಯನೆಂದು ಬರೆದಿರುವುದು ಹೆಚ್ಚು. ಚಿತ್ರದಲ್ಲಾದರೋ ದಿಕ್ಕಿನ ಗುರುತಿಲ್ಲ. ಹೋದ ವಾರ ಅಕ್ಕನಿಗೆ ಫೋನು ಮಾಡಿದಾಗ, ಅವಳು ಆ ಎಲೆಯನ್ನು ಮರೆತಿರಬಹುದೆಂದುಕೊಂಡೇ ಕೇಳಿದೆ: ಗೋಪುರಗಳ ನಡುವೆ ಇದ್ದದ್ದು ಹುಟ್ಟುವ ಸೂರ್ಯನೋ, ಮುಳುಗುವವನೋ?

“ನನ್ನ ಕೇಳಿದರೆ? ಆ ಮಗು ಬೆಳಗ್ಗೆಯಿಂದ ಅಲ್ಲಿತ್ತೋ, ಸಂಜೆ ಬಂತೋ, ಅದನ್ನ ಕೇಳಬೇಕು” ಎಂದಳು. ಆಮೇಲೆ, “ನೋಡು, ಮೊನ್ನೆ ಕಾಯಿ ಕೀಳಿಸಿದೆ. ನಿನಗೆ ಅಂತ ಹತ್ತು ತೆಗೆದಿಟ್ಟಿದೀನಿ. ನಿಮ್ಮ ಭಾವ ಇದ್ದಿದ್ದರೆ ಇಪ್ಪತ್ತು ಇಡ್ತಿದ್ದರು” ಎಂದಳು.

“ಇಡ್ತಿದ್ದರು” ಎಂದೆ. ಅವಳು ಭಾವನವರ ಮಾತು ಮುಂದುವರಿಸಿದಳು. ಅರ್ಧ ಗಂಟೆ ಕೇಳುತ್ತ ಕುಳಿತೆ.