ಸಾವಿರನೆಯ ಪ್ರತಿಯ ನ್ಯಾಯ

ಮದುವೆಯ ಕರೆಯೋಲೆ ಕೈಗೆ ಬಂದಾಗ ಇದು ಎಷ್ಟನೆಯ ಪ್ರತಿ ಎಂದು ಯಾರೂ ಕೇಳುವುದಿಲ್ಲ. ಸಾವಿರ ಪ್ರತಿಗಳಲ್ಲಿ ಮೊದಲನೆಯದು ಸಿಕ್ಕವರಿಗೂ ಕೊನೆಯದು ಸಿಕ್ಕವರಿಗೂ ಅದೇ ಹೊಂಬಣ್ಣ, ಅದೇ ಚೂಪಾದ ಅಕ್ಷರ ಸಿಗಬೇಕು. ಅದು ಮುದ್ರಕ ಕೊಟ್ಟ ಮಾತು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಈ ಮಾತನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನೋಡಿದಾಗಲೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ: ಒಂದೇ ಸಮನಾಗಿರುವುದು ಎಂದರೆ ಬದಲಾಗದೆ ಇರುವುದೇ?

ಈ ಮುದ್ರಣದ ಕ್ರಮ ಸರಳ. ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಲೆಯಲ್ಲಿ ಚಿತ್ರವಿಲ್ಲದ ಕಡೆಯ ರಂಧ್ರಗಳನ್ನು ಎಮಲ್ಷನ್ ಮುಚ್ಚಿರುತ್ತದೆ. ಮೇಲೆ ಶಾಯಿ ಹಾಕಿ ಸ್ಕ್ವೀಜಿ ಎಂಬ ರಬ್ಬರ್ ಅಲಗಿನಿಂದ ಎಳೆದರೆ, ತೆರೆದ ರಂಧ್ರಗಳ ಮೂಲಕ ಶಾಯಿ ಕಾಗದಕ್ಕೆ ಇಳಿಯುತ್ತದೆ. ಬಲೆಗೂ ಕಾಗದಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರ. ಅಲಗು ಮುಂದೆ ಸರಿದ ಕೂಡಲೇ ಹಿಂದಿನ ಬಲೆ ಕಾಗದ ಬಿಟ್ಟು ಮೇಲೇಳಬೇಕು. ಆಗಲೇ ಅಕ್ಷರದ ಅಂಚು ಸ್ವಚ್ಛವಾಗಿ ಮೂಡುವುದು.

ಯಂತ್ರದಲ್ಲಿ ಈ ಅಂತರವನ್ನೂ ಅಲಗಿನ ಕೋನ, ಒತ್ತಡ, ವೇಗಗಳನ್ನೂ ಬೇಕಾದ ಕಡೆ ನಿಲ್ಲಿಸಬಹುದು. ಆದರೆ ಇವು ನಿಂತರೂ ಉಳಿದವು ನಿಲ್ಲುವುದಿಲ್ಲ. ದ್ರಾವಕ ಆರಿ ಶಾಯಿ ಗಟ್ಟಿಯಾಗುತ್ತದೆ. ಬಲೆಯ ಬಿಗಿ ಸಡಿಲಗೊಳ್ಳುತ್ತದೆ. ಅಲಗಿನ ಅಂಚು ಸವೆದು ದುಂಡಗಾಗುತ್ತದೆ. ಹಾಗಾಗಿ ಬೆಳಿಗ್ಗೆ ಹೊಂದಿಸಿ ಆಮೇಲೆ ಮುಟ್ಟದೆ ಬಿಟ್ಟ ಯಂತ್ರ ಸಂಜೆಗೆ ಬೇರೆಯದೇ ಪ್ರತಿಯನ್ನು ಕೊಡುತ್ತದೆ. ಮುದ್ರಣ ಹಾಗೆಯೇ ಇರಬೇಕಾದರೆ ಯಾರಾದರೂ ಗಮನವಿಟ್ಟು ಅದನ್ನು ಸರಿಪಡಿಸುತ್ತಲೇ ಇರಬೇಕು.

ಇಲ್ಲಿ ಒಂದು ಮೋಸ ಅಡಗಿದೆ. ಐನೂರನೆಯ ಹಾಳೆಯನ್ನು ನಾನ್ನೂರ ತೊಂಬತ್ತೊಂಬತ್ತನೆಯದರ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದೇ ಇಲ್ಲ. ಪ್ರತಿ ಹಾಳೆಯೂ ತನ್ನ ಹಿಂದಿನದರಂತೆಯೇ ಇರುತ್ತದೆ; ಆದರೂ ಐನೂರನೆಯದು ಮೊದಲನೆಯದರಂತೆ ಇರುವುದಿಲ್ಲ. ಅದಕ್ಕೇ ಬಲ್ಲ ಮುದ್ರಕರು ಗಿರಾಕಿ ಒಪ್ಪಿದ ಮಾದರಿಯನ್ನು ಬದಿಗೆ ತೆಗೆದಿಟ್ಟು, ಆಗಾಗ ಅದರ ಜೊತೆ ಹೋಲಿಸಿ ನೋಡುತ್ತಾರೆ.

ಬಣ್ಣ ಮಂಕಾಯಿತೆಂದರೆ ಕೈ ಮೊದಲು ಹೋಗುವುದು ಒತ್ತಡದ ಕಡೆಗೆ. ಒತ್ತಿದರೆ ಒಂದಷ್ಟು ಹಾಳೆಗಳು ತುಂಬಿದಂತೆ ಕಾಣಬಹುದು. ಆದರೆ ಅತಿಯಾಗಿ ಒತ್ತಿದ ಅಲಗು ಬಾಗುತ್ತದೆ, ಗೆರೆ ಹರಡುತ್ತದೆ, ಬಲೆ ಇನ್ನಷ್ಟು ಹಿಗ್ಗುತ್ತದೆ. ಕಾರಣ ಗಟ್ಟಿಯಾದ ಶಾಯಿಯಾಗಿದ್ದರೆ ಅದು ಹಾಗೆಯೇ ಉಳಿದಿರುತ್ತದೆ. ಮನೆಯಲ್ಲೋ ತರಗತಿಯಲ್ಲೋ ಮಾತು ನಾಟುತ್ತಿಲ್ಲ ಎಂದು ದನಿ ಏರಿಸುವವರು ಮಾಡುವುದೂ ಇದನ್ನೇ ಅಲ್ಲವೇ?

ಪ್ರತಿಗಳು ಒಂದೇ ಸಮ ಇರಲೇಬೇಕೆಂದೇನು ಎಂದು ಕೇಳಬಹುದು. ಆಂಡಿ ವಾರ್ಹೋಲ್ 1962ರಲ್ಲಿ ಮಾಡಿದ ‘ಮೆರಿಲಿನ್ ಡಿಪ್ಟಿಕ್’ನಲ್ಲಿ ಮೆರಿಲಿನ್ ಮನ್ರೋಳ ಒಂದೇ ಚಿತ್ರ 50 ಬಾರಿ ಇದೆ. ಬಲಭಾಗದ ಕಪ್ಪು ಬಿಳುಪಿನ 25ರಲ್ಲಿ ಕೆಲವು ಮುಖಗಳು ಶಾಯಿ ತುಂಬಿ ಕಪ್ಪಾಗಿವೆ, ಕೆಲವು ಮಾಸಿ ಅಳಿಯುವಂತಿವೆ. ಆಗಷ್ಟೇ ತೀರಿಕೊಂಡಿದ್ದ ನಟಿಯ ಮುಖ ಮಾಸುತ್ತ ಹೋಗುವುದೇ ಅಲ್ಲಿ ಅರ್ಥ. ಆದರೆ ವಾರ್ಹೋಲ್ ಯಾರಿಗೂ ಸಮತೆಯ ಮಾತು ಕೊಟ್ಟಿರಲಿಲ್ಲ. ಮೇಲಾಗಿ 50 ಮುಖಗಳೂ ನೋಡುಗನ ಮುಂದೆ ಒಟ್ಟಿಗೇ ಇವೆ. ಅಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ.

ಕರೆಯೋಲೆಯ ವಿಷಯ ಹಾಗಲ್ಲ. ಸಾವಿರನೆಯದನ್ನು ಪಡೆದವರು ಮೊದಲನೆಯದನ್ನು ನೋಡಿರುವುದಿಲ್ಲ. ತಮಗೆ ಕಡಿಮೆ ಸಿಕ್ಕಿತೆಂಬುದೇ ಅವರಿಗೆ ಗೊತ್ತಾಗದು, ಆದ್ದರಿಂದ ದೂರುವುದೂ ಇಲ್ಲ. ಉತ್ತರಪತ್ರಿಕೆ ತಿದ್ದುವ ಕೆಲಸವೂ ಇಂಥದೇ. ಮೊದಲ ಪತ್ರಿಕೆಯನ್ನು ಓದಿದ ತಾಳ್ಮೆ ಕೊನೆಯದಕ್ಕೂ ಉಳಿದಿತ್ತೇ ಎಂಬುದು ಆ ಕೊನೆಯ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಬೆಳಿಗ್ಗೆಯ ಮೊದಲ ರೋಗಿಗೂ ಸಂಜೆಯ ಕೊನೆಯ ರೋಗಿಗೂ ವೈದ್ಯರು ಕೊಡುವ ಗಮನವೂ ಹಾಗೆಯೇ. ಎರಡು ತುದಿಗಳನ್ನೂ ನೋಡಬಲ್ಲವರು ಕೆಲಸ ಮಾಡುವವರು ಮಾತ್ರ.

ಹಾಗಾಗಿ ದಣಿವನ್ನು ತಪ್ಪೆಂದು ನಾನು ಹೇಳಲಾರೆ. ಶಾಯಿ ಆರುತ್ತದೆ, ಬಲೆ ಸಡಿಲವಾಗುತ್ತದೆ, ಮನುಷ್ಯರೂ ಅಷ್ಟೇ. ಇಂದು ನಿನ್ನೆಯಂತೆಯೇ ಇದ್ದೇನೆ ಎಂದುಕೊಂಡು ಸಮಾಧಾನಪಡುವುದು ತಪ್ಪು. ನಡುವೆ ಒಮ್ಮೆ ಯಂತ್ರ ನಿಲ್ಲಿಸಿ, ಬಲೆ ಒರೆಸಿ, ಬದಿಗಿಟ್ಟ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಕೊನೆಯ ಪ್ರತಿ ಪಡೆಯುವವರಿಗೆ ಸಲ್ಲಬೇಕಾದದ್ದು.