ದೊಣ್ಣೆ ಯಾರ ಕೈಯಲ್ಲಿತ್ತು?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂದು ಅರ್ಥ ಹೇಳಿ ನಾವು ಈ ಗಾದೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಗಾದೆ ಲೆಕ್ಕ ಕೊಡುವುದು ಕಾಲಕ್ಕೆ. ದೊಣ್ಣೆ ಹಿಡಿದವರಾರು ಎಂಬುದನ್ನು ಅದು ಹೇಳುವುದಿಲ್ಲ. ಬ್ರೆಜಿಲ್‌ನ ಗೋಲ್‌ಕೀಪರ್ ಮೊಯಾಸಿರ್ ಬಾರ್ಬೋಸಾನ ಬದುಕಿನಲ್ಲಿ ಕೇಳಬೇಕಾದದ್ದು ಆ ಪ್ರಶ್ನೆಯನ್ನೇ.

ಮೊದಲು ವರುಷಗಳು. ಕೈಗವಸು ತೊಡದೆ ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದವನು ಬಾರ್ಬೋಸಾ. ರಿಯೊ ನಗರದ ವಾಸ್ಕೋ ಡ ಗಾಮ ಕ್ಲಬ್ಬಿನ ಗೋಲು ಕಾಯುತ್ತಿದ್ದ. 1948ರಲ್ಲಿ ಸ್ಯಾಂಟಿಯಾಗೊದಲ್ಲಿ ಖಂಡದ ಚಾಂಪಿಯನ್ ಕ್ಲಬ್ಬುಗಳ ಟೂರ್ನಿ ನಡೆದಾಗ, ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡದ ಲಾಬ್ರುನಾ ಹೊಡೆದ ಪೆನಾಲ್ಟಿಯನ್ನು ತಡೆದ. ಆ ಪಂದ್ಯ ಗೋಲಿಲ್ಲದೆ ಮುಗಿಯಿತು, ಪ್ರಶಸ್ತಿ ವಾಸ್ಕೋಗೆ ಬಂತು. ಮರುವರ್ಷ ಬ್ರೆಜಿಲ್ ದಕ್ಷಿಣ ಅಮೆರಿಕದ ಚಾಂಪಿಯನ್ ಆದಾಗಲೂ ಗೋಲಿನಲ್ಲಿದ್ದವನು ಅವನೇ.

ಇನ್ನು ನಿಮಿಷ. 1950ರ ಜುಲೈ 16, ಮಾರಕಾನಾ ಕ್ರೀಡಾಂಗಣ, ವಿಶ್ವಕಪ್ಪಿನ ಕೊನೆಯ ಪಂದ್ಯ. ಬ್ರೆಜಿಲ್‌ಗೆ ಡ್ರಾ ಆಗಿದ್ದರೂ ಸಾಕಿತ್ತು. ಸ್ಕೋರು 1-1. ಉರುಗ್ವೆಯ ಘಿಗ್ಗಿಯಾ ಬಲ ಅಂಚಿನಿಂದ ನುಗ್ಗಿ ಬಂದ. ಉರುಗ್ವೆಯ ಮೊದಲ ಗೋಲಿನ ವೇಳೆ ಅವನು ಹೀಗೇ ಬಂದು ಚೆಂಡನ್ನು ಜೊತೆಯಾಟಗಾರ ಸ್ಕಿಯಾಫಿನೊಗೆ ದಾಟಿಸಿದ್ದ. ಈ ಸಲವೂ ದಾಟಿಸುತ್ತಾನೆಂದು ಬಾರ್ಬೋಸಾ ಒಂದು ಹೆಜ್ಜೆ ಆಚೆ ಸರಿದ. ಘಿಗ್ಗಿಯಾ ದಾಟಿಸಲಿಲ್ಲ, ಸಮೀಪದ ಕಂಬಕ್ಕೂ ಕೀಪರಿಗೂ ನಡುವೆ ತೆರೆದ ಸಂದಿಗೆ ಹೊಡೆದ. 79ನೇ ನಿಮಿಷ, 2-1. ಆ ಹೆಜ್ಜೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಎದುರಾಳಿಯನ್ನು ಓದಿ ಮುನ್ನವೇ ಚಲಿಸುವುದೇ ಕೀಪರನ ವಿದ್ಯೆ. ಬೇರೆಲ್ಲ ದಿನ ಅವನನ್ನು ದೊಡ್ಡವನನ್ನಾಗಿ ಮಾಡಿದ್ದೂ ಆ ವಿದ್ಯೆಯೇ.

ಹಾಗಾದರೆ ದೊಣ್ಣೆ ಘಿಗ್ಗಿಯಾನದೇ? ಅಲ್ಲ. ಅವನು ಹೊಡೆದದ್ದು ಒಂದು ಗೋಲು, ಅಷ್ಟೆ. ಸೋಲಿನ ಹೊಣೆಯನ್ನು ಬಾರ್ಬೋಸಾ, ಬಿಗೋಡಿ, ಜುವೆನಾಲ್ ಎಂಬ ಮೂವರು ಆಟಗಾರರ ತಲೆಗೆ ಕಟ್ಟಿದ್ದು ದೇಶ. ಮೂವರೂ ಕಪ್ಪುವರ್ಣೀಯರು, ಇದನ್ನು ಮರೆತು ಈ ಕತೆ ಹೇಳುವುದು ಅನ್ಯಾಯ. 1993ರಲ್ಲಿ, ಎಪ್ಪತ್ತು ದಾಟಿದ ಬಾರ್ಬೋಸಾ ರಾಷ್ಟ್ರೀಯ ತಂಡವನ್ನು ನೋಡಲು ಹೋದಾಗ, ಅಪಶಕುನವೆಂದು ಒಳಗೆ ಬಿಡಲಿಲ್ಲ. ಬ್ರೆಜಿಲ್‌ನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನಾನು ಐವತ್ತು ವರ್ಷದಿಂದ ಅನುಭವಿಸುತ್ತಿದ್ದೇನೆ ಎಂದು ಅವನು ಕೊನೆಗಾಲದಲ್ಲಿ ಹೇಳಿಕೊಂಡ. 2000ದ ಏಪ್ರಿಲ್‌ನಲ್ಲಿ ತೀರಿಕೊಂಡ. ನಿಮಿಷದ ಪೆಟ್ಟನ್ನು ಅರ್ಧ ಶತಮಾನ ಎಳೆದವರು ನೋಡುತ್ತಿದ್ದವರು, ಆಮೇಲೆ ಹೇಳುತ್ತ ಬಂದವರು. ಅವನ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದೂ ಹೀಗೆಯೇ. ಲಾಬ್ರುನಾನ ಪೆನಾಲ್ಟಿಯನ್ನು ನೆನೆಯುವವರು ವಾಸ್ಕೋ ಅಭಿಮಾನಿಗಳು. ಇಂದು ಆ ಕ್ಲಬ್ಬಿನ ತರಬೇತಿ ಕೇಂದ್ರಕ್ಕೆ ಅವನದೇ ಹೆಸರು.

ಗಾದೆ ಇನ್ನೊಂದನ್ನೂ ಹೇಳದೆ ಬಿಟ್ಟಿದೆ: ಮಡಕೆ ಒಡೆದ ಮರುದಿನ ಕುಂಬಾರ ಏನು ಮಾಡುತ್ತಾನೆ? ಬಾರ್ಬೋಸಾ ನಲವತ್ತು ದಾಟುವವರೆಗೂ ಆಡಿದ. ಆ ಸೋಲಿನ ಆರು ತಿಂಗಳಿಗೇ, 1951ರ ಜನವರಿಯಲ್ಲಿ, ಅದೇ ಮಾರಕಾನಾದಲ್ಲಿ ವಾಸ್ಕೋ ತಂಡ ಅಮೆರಿಕ ಕ್ಲಬ್ಬನ್ನು 2-1ರಿಂದ ಸೋಲಿಸಿ ರಿಯೊ ಚಾಂಪಿಯನ್ ಪಟ್ಟ ಗೆದ್ದಾಗ ಗೋಲು ಕಾದವನು ಅವನೇ.