ಎರಡೇ ಅಂಕಿ

ಬಂದೂಕು, ಪಿಸ್ತೂಲು ಅಂದ್ರೆ ನನಗೆ ಅಷ್ಟಕ್ಕಷ್ಟೆ. ನಮ್ಮೂರಲ್ಲಿ ಹಂದಿ ಓಡಿಸೋಕೆ ಅಂತ ಪಟೇಲರ ಮನೆಯಲ್ಲಿ ಒಂದು ನಾಡಬಂದೂಕು ಇತ್ತು. ಅದನ್ನು ಮುಟ್ಟಿದವರಿಗಿಂತ ಅದರ ಕಥೆ ಹೇಳಿದವರೇ ಜಾಸ್ತಿ. ಅಂಥವನು ಪಿಟ್ಸ್‌ಬರ್ಗ್‌ನಲ್ಲಿ ಆನ್‌ಸೈಟ್ ಇದ್ದಾಗ ಒಂದು ಶನಿವಾರ ಪೂರ್ತಿ ಭೂತಗನ್ನಡಿ ಹಿಡಿದು ಹಳೇ ಪಿಸ್ತೂಲು ನೋಡ್ತಾ ಕೂತಿದ್ದೆ ಅಂದ್ರೆ ಅಪ್ಪ ಈಗಲೂ ನಂಬಲ್ಲ.

ಪಿಸ್ತೂಲು ನನ್ನ ಟೀಮಿನ ಅಮೆರಿಕನ್ ಗೆಳೆಯನ ಮನೆಯದ್ದು. ಅವನ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿದ್ದವರು, 1945ರಲ್ಲಿ ಜರ್ಮನಿಯಿಂದ ವಾಪಸು ಬರುವಾಗ ತಂದದ್ದು. ಈಗ ಅದು ಅವನ ಅಪ್ಪನ ಹತ್ತಿರ ಇದೆ. ಅವರಿಗೆ ಎಂಬತ್ತರ ಹತ್ತಿರ. ಮಾರಿಬಿಡಿ, ಮೊಮ್ಮಗಳ ಕಾಲೇಜು ಫೀಸಿಗೆ ಆಗುತ್ತೆ ಅಂತ ಮಗನ ಕೈಗೆ ಕೊಟ್ಟಿದ್ದರು. ಇದಕ್ಕೆ ಎಷ್ಟು ಬರುತ್ತೆ, ಇದು ಅಸಲಿಯಾ? ಇಷ್ಟೇ ಪ್ರಶ್ನೆ.

ಅದು ಲೂಗರ್. ಇಂಗ್ಲಿಷ್ ಯುದ್ಧದ ಸಿನಿಮಾ ನೋಡಿದವರಿಗೆ ಆಕಾರ ಗೊತ್ತಿರುತ್ತೆ: ಸಪೂರ ನಳಿಗೆ, ಹಿಂದಕ್ಕೆ ಓರೆಯಾಗಿರೋ ಹಿಡಿ, ಗುಂಡು ಹಾರಿದಾಗ ಮೇಲೆ ಮೊಣಕಾಲಿನ ಹಾಗೆ ಮಡಚಿಕೊಳ್ಳೋ ಕೀಲು. ಜಾರ್ಜ್ ಲೂಗರ್ ವಿನ್ಯಾಸ ಮಾಡಿದ್ದು, ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ತಗೊಂಡಿತು. ನಮ್ಮ ಕೈಲಿದ್ದದ್ದರ ಮೇಲೆ 1917 ಅಂತ ಇತ್ತು, ಅದರ ಜೊತೆಗೇ 1920 ಅಂತ ಇನ್ನೊಂದು ಇಸವಿ. (ಅಲ್ಲಿಯ ಕಾನೂನಿನ ಪ್ರಕಾರ 1898ರವರೆಗೆ ತಯಾರಾದದ್ದು ಮಾತ್ರ ಆಂಟಿಕ್. ನೂರು ವರ್ಷ ದಾಟಿದ ಇದು ಇನ್ನೂ ಬರೀ ಹಳೇದು.)

ಜರ್ಮನ್ನರು ಈ ಪಿಸ್ತೂಲಿನ ಮೈಮೇಲೆ ಪೂರ್ತಿ ನಂಬರು ಹೊಡೆದು, ಆಮೇಲೆ ಅದರ ಕೊನೆಯ ಎರಡು ಅಂಕಿಗಳನ್ನು ಒಳಗಿನ ಸಣ್ಣಸಣ್ಣ ಪಾರ್ಟುಗಳ ಮೇಲೂ ಹೊಡೀತಿದ್ದರು. ಮ್ಯಾಗಜಿನ್ನಿನ ತಳದ ಮರದ ಮೇಲೂ ನಂಬರು. ಆಗ ಒಂದೊಂದು ಪಿಸ್ತೂಲಿನ ಪಾರ್ಟುಗಳನ್ನೂ ಅದಕ್ಕೇ ಕೂರೋ ಹಾಗೆ ಕೈಯಿಂದ ಅರ ಹಾಕಿ ಹೊಂದಿಸುತ್ತಿದ್ದರು. ಹತ್ತು ಪಿಸ್ತೂಲು ಬಿಚ್ಚಿ ಒರೆಸೋವಾಗ ಒಂದರದ್ದು ಇನ್ನೊಂದಕ್ಕೆ ಹೋಗಬಾರದು ಅಂತ ಈ ಏರ್ಪಾಡು. ಆ ಸೈನಿಕರ ಅನುಕೂಲಕ್ಕಾಗಿ ಮಾಡಿದ್ದು ನೂರು ವರ್ಷ ಆದ ಮೇಲೆ ಸಂಗ್ರಹಕಾರರ ಜಾತಕ ಆಗಿ ಕೂತಿದೆ. ಎಲ್ಲಾ ನಂಬರು ಕೂಡಿಬಂದರೆ ಒಂದು ಬೆಲೆ, ಒಂದು ತಪ್ಪಿದರೂ ಬೇರೆ ಬೆಲೆ. ಬಣ್ಣವೂ ಹಾಗೆಯೇ. 1917ರ ಲೂಗರ್‌ಗೆ ತುಕ್ಕು ಹಿಡಿಸಿ ಉಜ್ಜಿ ಉಜ್ಜಿ ತರಿಸಿದ ಕಪ್ಪುನೀಲಿ, ಕೆಲವು ಸಣ್ಣ ಪಾರ್ಟುಗಳಿಗೆ ಬಿಸಿ ಮಾಡಿ ತರಿಸಿದ ಒಣಹುಲ್ಲಿನ ಹಳದಿ. ಅದು ಅರ್ಧ ಸವೆದಿದ್ದರೂ ಪರವಾಗಿಲ್ಲ, ಮತ್ತೆ ಬಣ್ಣ ಹಾಕಿಸಿದ್ದರೆ ಬೆಲೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತೆ. ಅಂಚುಗಳು ಚೂಪು ಕಳಕೊಂಡು ದುಂಡಗಾಗಿದ್ದರೆ, ಅಚ್ಚಿನ ಅಕ್ಷರ ಮಸುಕಾಗಿದ್ದರೆ, ಗುಂಡಿ ಬಿದ್ದ ತುಕ್ಕಿನ ಕಲೆ ಬಣ್ಣದ ಕೆಳಗೆ ಕಂಡರೆ ಯಾರೋ ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ ಅಂತ ಅರ್ಥ.

ನಮ್ಮದು ಥಳಥಳ ಹೊಳೀತಿತ್ತು. ಪೂರ್ತಿ ನಿಕ್ಕಲ್. ನಂಬರು ನೋಡಿದರೆ ಎಲ್ಲಾ ಕಡೆ 62, ಪಕ್ಕದ ತಗಡಿನ ಮೇಲೆ ಮಾತ್ರ 35.

ಆ ಜೋಡಿ ಇಸವಿಯ ವಿಷಯ ನನಗೆ ಬಹಳ ಇಷ್ಟವಾಯಿತು. ಮೊದಲ ಯುದ್ಧ ಸೋತ ಮೇಲೆ ಜರ್ಮನ್ ಸರ್ಕಾರ ತನ್ನ ಹತ್ತಿರ ಉಳಿದ ಆಯುಧಗಳ ಮೇಲೆ ‘ಇದು ಸರ್ಕಾರದ್ದು’ ಅಂತ ಗುರುತಿಗೆ 1920 ಅಂತ ಹೊಡೆಸಿತು. ಹಳೇ ಇಸವಿ ಅಳಿಸದೆ ಪಕ್ಕದಲ್ಲೇ ಹೊಸದು ಬಂದಿದೆ. ಅಮೆರಿಕದ ಸೇನೆ ತನ್ನ 1911 ಮಾದರಿಯ ಪಿಸ್ತೂಲುಗಳಿಗೂ ಇಂಥದ್ದೇ ಮಾಡಿತು. ರಾಶಿರಾಶಿ ಬಿಚ್ಚಿ, ಸವೆದದ್ದು ಬಿಸಾಕಿ, ಯಾವುದರ ಪಾರ್ಟೋ ಯಾವುದಕ್ಕೋ ಕೂಡಿಸಿ, ಬೂದು ಬಣ್ಣ ಹಾಕಿ, ರಿಪೇರಿ ಮಾಡಿದ ಆರ್ಸೆನಲ್ಲಿನ ಅಕ್ಷರ ಒತ್ತಿ ಕಳಿಸೋದು. ಅಗಸ್ಟಾದ್ದಾದರೆ ಎಎ, ರಾಕ್ ಐಲ್ಯಾಂಡ್‌ದ್ದಾದರೆ ಆರ್‌ಐಎ. ಯುದ್ಧದಲ್ಲಿ ನಿಜವಾಗಿ ದುಡಿದದ್ದು ಇವೇ. ಆದರೆ ದುಡ್ಡು ಜಾಸ್ತಿ ಬರೋದು ಮಾತ್ರ ಡಬ್ಬದಿಂದ ಹೊರಗೆ ಬರದೆ ನೆಟ್ಟಗೆ ಉಳಿದದ್ದಕ್ಕೆ. ಯಾವ ಕೆಲಸಕ್ಕೆ ಮಾಡಿದರೋ ಆ ಕೆಲಸ ಮಾಡದೇ ಇದ್ದದ್ದು ‘ಅಸಲಿ’, ಮಾಡಿದ್ದು ‘ಮಿಕ್ಸ್’.

ಆವತ್ತು ರಾತ್ರಿ ಫೋನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ನಮ್ಮದು ಪಾಂಡವಪುರದ ಕಡೆ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ಇವತ್ತಿಗೂ ತಾತನ ನೇಗಿಲು ಇದೆ. ಗುಳ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ, ಈಸು ನಾನು ಹೈಸ್ಕೂಲಲ್ಲಿದ್ದಾಗ ಮುರಿದು ಹೊಸದು ಹಾಕಿದ್ದು, ಮೇಣಿ ಗೆದ್ದಲು ತಿಂದದ್ದು. “ಹಂಗಾದ್ರೆ ಅದರಲ್ಲಿ ತಾತಂದು ಏನು ಉಳೀತಪ್ಪ?” ಅಂದೆ. “ಏನ್ಲಾ ಹಿಂಗ್ ಕೇಳ್ತೀಯ, ಅದು ನಿಮ್ ತಾತನ ನೇಗ್ಲೇ ಕಣ್ಲಾ. ಬದ್ಲಾಯ್ಸಿದ್ ಯಾರು? ನಾವೇ ತಾನೆ?” ಅಂದರು.

ನಾವೇ ತಾನೆ, ಅನ್ನೋ ಮಾತು ನನ್ನ ತಲೆಯಲ್ಲಿ ಉಳಿಯಿತು. ಬದಲಾಯಿಸಿದ್ದು ಊರಿಗೆಲ್ಲ ಗೊತ್ತು. ಯಾರಿಂದಲೂ ಬಚ್ಚಿಟ್ಟಿಲ್ಲ.

ಮುಂದಿನ ವಾರ ಗನ್ ಶೋಗೆ ಹೋದೆವು. ನಮ್ಮ ಕಡೆ ಕೃಷಿಮೇಳ ಇದ್ದ ಹಾಗೆ, ಉದ್ದುದ್ದ ಮೇಜು, ಕಾಫಿ, ಹಾಟ್‌ಡಾಗ್. ಸಂಗ್ರಹಕಾರರಲ್ಲಿ ಒಂದು ಮಾತಿದೆಯಂತೆ: ಬಂದೂಕು ಕೊಳ್ಳು, ಬಂದೂಕಿನ ಕಥೆ ಕೊಳ್ಳಬೇಡ. ತಾತ ಯಾವುದೋ ಜರ್ಮನ್ ಅಧಿಕಾರಿಯಿಂದ ಕಿತ್ತುಕೊಂಡದ್ದು ಅಂತ ನನ್ನ ಗೆಳೆಯ ಶುರು ಮಾಡಿದ ತಕ್ಷಣ ಮೇಜಿನ ಆಚೆ ಕೂತಿದ್ದ ಗಡ್ಡದ ಮುದುಕ ಕೈ ಅಡ್ಡ ಮಾಡಿದ. ಕಾಗದ ಇದೆಯಾ? ಇತ್ತು. ಸೈನಿಕರು ಗೆದ್ದ ಸಾಮಾನು ಮನೆಗೆ ತರಬೇಕಾದರೆ ಮೇಲಧಿಕಾರಿ ಸಹಿ ಹಾಕಿದ ಒಂದು ಪ್ರಮಾಣಪತ್ರ ಇರಬೇಕಿತ್ತು. ಅದರಲ್ಲಿ ಜರ್ಮನ್ ಪಿಸ್ತೂಲು ಒಂದು ಅಂತಿತ್ತೇ ಹೊರತು ನಂಬರು ಇರಲಿಲ್ಲ. ಆ ಕಾಗದ ಯಾವ ಪಿಸ್ತೂಲಿನದ್ದೂ ಆಗಬಹುದು. ಗೆಳೆಯನ ಮುಖ ಸಣ್ಣಗಾಯಿತು.

ಕಥೆಗೆ ಬೆಲೆಯೇ ಇಲ್ಲ ಅಂತಲ್ಲ. ಪಿಟ್ಸ್‌ಬರ್ಗ್‌ನಿಂದ ಹೆಚ್ಚು ದೂರವಿಲ್ಲದ ಫೋರ್ಟ್ ಲಿಗೊನಿಯರ್‌ನಲ್ಲಿ ಒಂದು ಜೊತೆ ಪಿಸ್ತೂಲು ಇವೆ, ಫ್ರಾನ್ಸಿನ ಲಾಫಾಯೆತ್ ಜಾರ್ಜ್ ವಾಷಿಂಗ್ಟನ್‌ಗೆ ಕೊಟ್ಟದ್ದು. 2002ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹೋದವು. ಕಾಗದ ಗಟ್ಟಿಯಾಗಿದ್ದರೆ ಕಥೆಯೇ ಬೆಲೆ. ಆದರೆ ಈ ಕಾಗದದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಕಸಿವಿಸಿ ಇದ್ದೇ ಇರುತ್ತೆ. ನಮ್ಮೂರಿಂದ ಶ್ರೀರಂಗಪಟ್ಟಣ ಕೂಗಳತೆಯಲ್ಲಿದೆ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ ಟಿಪ್ಪುವಿನ ಬಂದೂಕು 60,000 ಪೌಂಡಿಗೆ ಹರಾಜಾಯಿತು. ಅಸಲಿ ಅಂತ ನಂಬೋಕೆ ಇದ್ದ ಒಂದು ದೊಡ್ಡ ಆಧಾರ, ಅದು 1799ರಲ್ಲಿ ಅಲ್ಲಿ ಹೋರಾಡಿದ ಕಂಪನಿಯ ಮೇಜರೊಬ್ಬನ ಮನೆತನದಲ್ಲಿ ಇತ್ತು ಅನ್ನೋದು. ಲೂಟಿಯ ದಾಖಲೆಯೇ ಅಸಲಿತನದ ದಾಖಲೆ! ಈ ಲೂಗರ್‌ದ್ದೂ ಅಷ್ಟೇ ತಾನೆ, ಬರೀ ಸೋತವರು ಯಾರು ಅನ್ನೋದಷ್ಟೇ ವ್ಯತ್ಯಾಸ ಅಂತ ಗೆಳೆಯನಿಗೆ ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ಸಮಯ ಅಲ್ಲ.

ಗಡ್ಡದ ಮುದುಕ ಕೊನೆಗೆ ದನಿ ತಗ್ಗಿಸಿದ. ತನಗೊಬ್ಬ ಕೆಲಸಗಾರ ಗೊತ್ತಂತೆ. ನಿಕ್ಕಲ್ ಇಳಿಸಿ, ಹಳೇ ಕಾಲದ ವಿಧಾನದಲ್ಲೇ ಕಪ್ಪುನೀಲಿ ತರಿಸಿ, ಪಕ್ಕದ ತಗಡಿನ 35 ತೀಡಿ ಅದೇ ಅಚ್ಚಿನಲ್ಲಿ 62 ಹೊಡೆದುಕೊಡ್ತಾನಂತೆ. “ಒಂದೇ ಪಾರ್ಟು, ಎರಡೇ ಅಂಕಿ. ಯಾರಿಗೆ ನಷ್ಟ? ಕೊಂಡವನು ಖುಷಿಯಾಗಿರ್ತಾನೆ.” ಗೆಳೆಯ ಕಾರ್ಡು ತಗೊಂಡು ಜೇಬಿಗೆ ಹಾಕಿಕೊಂಡ.

ವಾಪಸು ಬರುವಾಗ ಕಾರಲ್ಲಿ ನನ್ನನ್ನು ಕೇಳಿದ, “ಜರ್ಮನ್ ಸೇನೆಯ ರಿಪೇರಿಯವನು ಇದನ್ನೇ ಮಾಡಿದ್ದರೆ ಸರಿ, ನಾನು ಮಾಡಿಸಿದರೆ ಮೋಸ, ಹೇಗೆ?” ಅಂತ. ನಾನು ಇಂಜಿನಿಯರ್ ಉತ್ತರ ಕೊಟ್ಟೆ. ಗಿಟ್‌ನಲ್ಲಿ ಹೊಸ ಕಮಿಟ್ ಹಾಕೋದು ಬೇರೆ, ಹಿಸ್ಟರಿ ತಿದ್ದಿ ಫೋರ್ಸ್ ಪುಶ್ ಮಾಡೋದು ಬೇರೆ. ರಿಪೇರಿ ಮಾಡಿಸಿ, ಹೇಳಿ ಮಾರು, ಅದು ರಿಸ್ಟೊರೇಶನ್. ಅದೇ ಕೈಕೆಲಸ ಹೇಳದೆ ಮಾರಿದರೆ ಮೋಸ. ನಷ್ಟ ಯಾರಿಗೆ ಅಂದರೆ ನಿಜವಾದ ಪಿಸ್ತೂಲು ಇಟ್ಟುಕೊಂಡವನಿಗೆ. ಕ್ರೀಗಾಫ್ ಕಂಪನಿಯ ಲೂಗರ್‌ಗಳಲ್ಲಿ ನಕಲಿ ಎಷ್ಟು ಹೆಚ್ಚಿದೆ ಅಂದ್ರೆ, ನಿಜವಾದದ್ದು ಇರೋನೇ ಸಾಕ್ಷಿ ಹುಡುಕಿಕೊಂಡು ಅಲೀಬೇಕು. ಚೆನ್ನಾಗಿ ಹೇಳಿದೆ ಅನ್ನಿಸಿತು. ಆಮೇಲೆ ಹದಿನೈದು ನಿಮಿಷ ಬಾಯಿ ಬಿಡಲಿಲ್ಲ.

ಯಾಕೆಂದರೆ ಬಿಇ ಮುಗಿಸಿ ಬೆಂಗಳೂರಿಗೆ ಬಂದು ಏಳು ತಿಂಗಳು ಕೆಲಸ ಸಿಗದೇ ಇದ್ದಾಗ, ಒಂದು ಕನ್ಸಲ್ಟೆನ್ಸಿಯವರು ನನ್ನ ರೆಸ್ಯುಮೆಗೂ ಹೊಸ ನಂಬರು ಹೊಡೆದುಕೊಟ್ಟಿದ್ದರು. ಎರಡು ವರ್ಷ ಎಕ್ಸ್‌ಪೀರಿಯೆನ್ಸ್, ಹೆಸರಿಗಷ್ಟೇ ಇದ್ದ ಕಂಪನಿ, ಪೇಸ್ಲಿಪ್ಪು, ರಿಲೀವಿಂಗ್ ಲೆಟರ್. ಯಾರಿಗೆ ನಷ್ಟ ಅಂತ ನಾನೂ ಆಗ ಕೇಳಿಕೊಂಡಿದ್ದೆ. ಕೆಲಸ ಕಲಿತೆ, ಚೆನ್ನಾಗೇ ಮಾಡಿದೆ, ಕಂಪನಿಗೂ ಲಾಭವೇ ಆಯಿತು. ನಷ್ಟ ಆದವನು ಮೇಲಿನ ಮಂಚದಲ್ಲಿ ಮಲಗ್ತಿದ್ದ ನನ್ನ ರೂಮ್‌ಮೇಟ್. ನನಗಿಂತ ಚೆನ್ನಾಗಿ ಕೋಡ್ ಬರೀತಿದ್ದ. ಫ್ರೆಶರ್ ಅಂತಲೇ ಬರೆದು ಒಂದೊಂದು ವಾಕ್-ಇನ್‌ಗೂ ಹೋಗ್ತಿದ್ದ. ನಮ್ಮಂಥವರ ರೆಸ್ಯುಮೆಗಳ ನಡುವೆ ಅವನದ್ದು ಮೇಲಕ್ಕೆ ಬರಲೇ ಇಲ್ಲ. ವರ್ಷ ತುಂಬೋದರೊಳಗೆ ಊರಿಗೆ ಹೋಗಿ ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂತ.

ಇದನ್ನು ಗೆಳೆಯನಿಗೆ ಹೇಳಿದ್ದರೆ ನನ್ನ ಗಿಟ್ ಉಪದೇಶಕ್ಕೆ ಸ್ವಲ್ಪ ತೂಕ ಬರುತ್ತಿತ್ತೋ, ಇದ್ದದ್ದೂ ಹೋಗುತ್ತಿತ್ತೋ. ಹೇಳಲಿಲ್ಲ. ವೀಸಾ, ಬ್ಯಾಕ್‌ಗ್ರೌಂಡ್ ಚೆಕ್, ಎಲ್ಲಾ ತಲೆಯಲ್ಲಿ ಬಂದುಹೋದವು.

ಭಾನುವಾರ ಅವನ ಅಪ್ಪನ ಮನೆಗೆ ಹೋದೆವು. ಕಾಗದದ ವಿಷಯ ಹೇಳಿದ, ನಿಕ್ಕಲ್ ವಿಷಯ ಹೇಳಿದ, ಮುದುಕ ಕೊಟ್ಟ ಕಾರ್ಡಿನ ವಿಷಯವನ್ನೂ ಮುಚ್ಚಿಡದೆ ಹೇಳಿದ. ಕೊನೆಗೆ ಪಕ್ಕದ ತಗಡು ಬೇರೆ ಯಾವುದೋ ಪಿಸ್ತೂಲಿನದ್ದು ಅಂದ. ಅವರು ತುಂಬಾ ಹೊತ್ತು ಆ ತಗಡನ್ನೇ ನೋಡಿದರು. ಅವರಿಗೆ ಹತ್ತು ವರ್ಷ ಇದ್ದಾಗ, ಅಪ್ಪ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಪಿಸ್ತೂಲು ಬಿಚ್ಚಿದ್ದರಂತೆ. ತಗಡು ಹಿತ್ತಲಲ್ಲಿ ಎಲ್ಲೋ ಬಿದ್ದುಹೋಯಿತು. ಹುಡುಕಿ ಹುಡುಕಿ ಸಿಗದೆ, ಹಾಗೇ ಡಬ್ಬದಲ್ಲಿಟ್ಟು ಸುಮ್ಮನಾದರಂತೆ. ಕೆಲವು ತಿಂಗಳು ಬಿಟ್ಟು ನೋಡಿದರೆ ತಗಡು ವಾಪಸು ಬಂದಿತ್ತು, ಪಿಸ್ತೂಲು ಪೂರ್ತಿ ಬೆಳ್ಳಿ ಹಾಗೆ ಹೊಳೀತಿತ್ತು. ಬೇರೆ ತಗಡಿನ ಬಣ್ಣ ಕೂಡಲಿಲ್ಲ ಅಂತ ಎಲ್ಲಕ್ಕೂ ನಿಕ್ಕಲ್ ಹಾಕಿಸಿರಬೇಕು ಅಂತ ಅವರ ಊಹೆ. “ಅಪ್ಪ ಆ ವಿಷಯ ಒಂದು ಸಲವೂ ಎತ್ತಲಿಲ್ಲ” ಅಂದರು.

ಪಿಸ್ತೂಲು ಮಾರಿದರು, ಮುಂದಿನ ತಿಂಗಳೇ. ನಿಕ್ಕಲ್, ತಗಡು, ನಂಬರಿಲ್ಲದ ಕಾಗದ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟು. ಅಂದುಕೊಂಡದ್ದರ ಅರ್ಧವೂ ಬರಲಿಲ್ಲ, ಒಂದು ಸೆಮಿಸ್ಟರಿನ ಪುಸ್ತಕಕ್ಕೆ ಆಯಿತು ಅಂತ ಗೆಳೆಯ ನಕ್ಕ.

ನಾನು ಬೆಂಗಳೂರಿಗೆ ವಾಪಸು ಬಂದು ಎರಡು ವರ್ಷ ಆಯಿತು. ರೂಮ್‌ಮೇಟ್‌ನ ನಂಬರು ಹುಡುಕಿ ಇಟ್ಟುಕೊಂಡಿದ್ದೀನಿ, ಇನ್ನೂ ಫೋನ್ ಮಾಡಿಲ್ಲ. ನನ್ನ ಲಿಂಕ್ಡ್‌ಇನ್‌ನಲ್ಲಿ ಇವತ್ತಿಗೂ 14 ವರ್ಷ ಅಂತಿದೆ. ನಿಜ ಹೇಳಬೇಕು ಅಂದ್ರೆ 12.